ಸೈರನ್ ಕೂಗಿದರೆ ಒಳಗೆ

ಚಿನಕುರಳಿ, ಸೋಮವಾರ

ಅಪ್ಪ, ನಮಸ್ಕಾರ. ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧವೂ ಕೇಳಿಸುವುದಿಲ್ಲ, ಅದಕ್ಕೇ ಈ ಕಾರ್ಡು.

ನಮ್ಮ ಶಾಲೆಯ ಹಿಂದಿನ ಕಲ್ಲುಕ್ವಾರಿ ನಿಂತುಹೋಗಿದೆ. ಬಂಡೆ ಸಿಡಿಸುವ ಮುಂಚೆ ಕೂಗುತ್ತಿದ್ದ ಅದರ ಸೈರನ್ ಈಗ ಹಾಲಿನ ಡೇರಿಯ ಮೇಲಿದೆ. ಬಿರುಗಾಳಿ, ಸಿಡಿಲಿನ ಸೂಚನೆ ಬಂದರೆ ಕೂಗಿಸುತ್ತಾರೆ. ಹಳೇ ಅಭ್ಯಾಸ ನೋಡಿ, ಕೂಗಿದ್ದೇ ತಡ ಊರೆಲ್ಲ ಸೂರಿನಡಿ. ಎಮ್ಮೆಗಳೂ ಕೊಟ್ಟಿಗೆಯತ್ತ ತಿರುಗುತ್ತವೆ! ಮೊದಲ ಸಲ ನಾನೊಬ್ಬಳೇ ಏನೆಂದು ನೋಡಲು ಅಂಗಳಕ್ಕಿಳಿದಿದ್ದೆ. ಬಿಸಿಯೂಟ ಮಾಡುವ ಜಯಲಕ್ಷ್ಮಮ್ಮ ಸೌಟು ಹಿಡಿದೇ ಓಡಿಬಂದು, "ಒಳಕ್ ಬನ್ನಿ ಮೇಡಮ್ಮೋರೆ! ಆಚೆ ನಿಂತ್ಕಂಡು ಮೋಡ ನೋಡ್ಲಿ ಅಂತ ಕೂಗ್ಸೋದಲ್ಲ ಅದು!" ಎಂದು ರೆಟ್ಟೆ ಹಿಡಿದು ಎಳೆದಿದ್ದರು.

ಮೊನ್ನೆ ಶುಕ್ರವಾರ ಶಾಲೆ ನೋಡಲು ಸಾಹೇಬರೊಬ್ಬರು ಬಂದಿದ್ದಾಗಲೇ ಸೈರನ್ ಕೂಗಿತು. ಮಕ್ಕಳೆಲ್ಲ ಒಳಗೆ, ಸಾಹೇಬರು ಮಾತ್ರ ಸೈಕಲ್ ಶೆಡ್ಡಿನ ಪಕ್ಕ ನಿಂತು ಮೊಬೈಲಿನಲ್ಲಿ ಮೋಡದ ಫೋಟೋ ತೆಗೆಯುತ್ತಿದ್ದರು. "ಒಳಕ್ ಬನ್ನಿ ಸಾರ್!" ಎಂದು ಕಿರುಚಿ ತೋಳು ಹಿಡಿದು ಎಳೆದೇಬಿಟ್ಟೆ. ಬಾಗಿಲು ಹಾಕುವಷ್ಟರಲ್ಲಿ ಶೆಡ್ಡಿನ ತಗಡು ಹಾರಿ, ಅವರು ನಿಂತಿದ್ದ ಜಾಗದಲ್ಲೇ ಬಿತ್ತು. "ಈಗ ನೀವು ನಮ್ಮೂರೋರಾದ್ರಿ ಕಣ್ರವ್ವ" ಎಂದರು ಜಯಲಕ್ಷ್ಮಮ್ಮ. ಮೂರು ದಿನದಿಂದ ನನ್ನ ಕಾಲು ನೆಲದ ಮೇಲಿಲ್ಲ!

ನೆಗಡಿ ವಾಸಿಯಾಗಿದೆ, ಕಷಾಯದ ಪುಡಿ ಕಳಿಸಬೇಡವೆಂದು ಅಮ್ಮನಿಗೆ ಹೇಳಿ. ವರ್ಗಾವಣೆಗೆ ಅರ್ಜಿ ಹಾಕುವುದಿಲ್ಲ. ನೀವೇ ಒಮ್ಮೆ ಬನ್ನಿ. ಈ ಸೈರನ್ ನಿಮಗೂ ಕೇಳಿಸುತ್ತದೆ. ಕೇಳಿಸದಿದ್ದರೆ ಎಳೆಯಲು ನಾನಿದ್ದೇನೆ.

ನಿಮ್ಮ ಪ್ರಜ್ಞ