ಹತ್ತೊಂಬತ್ತು ಅಂಕ

ಅಕ್ಟೋಬರ್ 14, ಮಂಗಳವಾರ

ಹತ್ತೊಂಬತ್ತು. ಬೆಳಗಿನಿಂದ ಇದೊಂದೇ ಸಂಖ್ಯೆ ನನ್ನನ್ನು ಕೊರೆಯುತ್ತಿದೆ.

ಜುಲೈನಲ್ಲಿ, ಸೀಸನ್ ಶುರುವಾಗುವ ಮುನ್ನ, ತಂಡದವರು ನಮ್ಮೆಲ್ಲರ ನೆನಪಿನ ಶಕ್ತಿ ಪರೀಕ್ಷಿಸಿ ಅಂಕ ಬರೆದಿಟ್ಟುಕೊಂಡರು. ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅದೇ ಪರೀಕ್ಷೆ. ಅಂಕ ಇಳಿದಿದ್ದರೆ ಮೈದಾನಕ್ಕೆ ಬಿಡುವುದಿಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂಬತ್ತು ವರ್ಷ ಲೈನ್‌ಬ್ಯಾಕರ್ ಆಗಿ ಜನರನ್ನು ಗುದ್ದಿ ಕೆಡವಿದವನಿಗೆ ಇದರ ಒಳಗುಟ್ಟು ಗೊತ್ತಿಲ್ಲವೇ? ಮೊದಲೇ ಅಂಕ ಕಡಿಮೆ ಇದ್ದರೆ, ಆಮೇಲೆ ಇಳಿದದ್ದು ಯಾರಿಗೂ ಕಾಣುವುದಿಲ್ಲ. ಅಂದು ಬೇಕೆಂದೇ ತಪ್ಪು ತಪ್ಪು ಹೇಳಿದೆ. ಮೂವತ್ತಕ್ಕೆ ಹತ್ತೊಂಬತ್ತು ಬಂತು. ಕಾರಿನಲ್ಲಿ ಕೂತು ಒಬ್ಬನೇ ನಕ್ಕಿದ್ದೆ.

ಮೊನ್ನೆ ಭಾನುವಾರ ಎದುರಾಳಿಯ ಮಂಡಿ ನನ್ನ ಹೆಲ್ಮೆಟ್‌ಗೆ ಬಡಿಯಿತು. ಇವತ್ತು ಪರೀಕ್ಷೆ. ತಂಡದ ಡಾಕ್ಟರ್ ಮಾರ್ಗೊ ಐದು ಪದ ಕೇಳಿಸಿ ಸ್ವಲ್ಪ ಹೊತ್ತಿನ ಮೇಲೆ ನೆನಪಿನಿಂದ ಹೇಳಿಸಿದರು, ತಿಂಗಳುಗಳನ್ನು ಹಿಂದಿನಿಂದ ಹೇಳಿಸಿದರು. ಕೊನೆಗೆ ಬೆನ್ನು ತಟ್ಟಿದರು.

"ಜುಲೈನಲ್ಲೂ ಹತ್ತೊಂಬತ್ತು, ಇವತ್ತೂ ಹತ್ತೊಂಬತ್ತೇ! ನಿನ್ನ ತಲೆ ಬಂಡೆ ಕಣಪ್ಪ ಡೆಸ್ಮಂಡ್. ಹೋಗು, ಭಾನುವಾರ ಆಡು."

"ಥ್ಯಾಂಕ್ಸ್ ಡಾಕ್ಟ್ರೇ" ಅಂದೆ. ಥೂ, ನನ್ನ ಬಾಯಿಗಿಷ್ಟು.

ನಿಜ ಹೇಳಬೇಕಿತ್ತು. ಹೇಳಿದರೆ ಜುಲೈನ ಮೋಸವನ್ನೂ ಹೇಳಬೇಕು. ಆ ಡಾಕ್ಟರಮ್ಮ ನನ್ನನ್ನು ಎಷ್ಟು ನಂಬಿದ್ದಾರೆ!

ಮನೆಗೆ ಬಂದರೆ ಬಾಗಿಲಲ್ಲೇ ಹೆಂಡತಿ ಲವೊನ್. "ಡಾಕ್ಟ್ರು ಏನಂದ್ರು?"

"ಏನೂ ಆಗಿಲ್ವಂತೆ."

"ಅಬ್ಬಾ, ಈಗ ಜೀವ ಬಂತು ನೋಡು" ಎಂದು ನನ್ನ ಹಣೆಗೆ ಮುತ್ತಿಟ್ಟಳು. ಅವಳ ಮುಖ ನೋಡಲಾಗದೆ ಬೂಟಿನ ದಾರ ಬಿಚ್ಚುತ್ತಾ ಕೂತೆ.

ಇವತ್ತು ನಾನು ಒಂದನ್ನೂ ಬೇಕೆಂದು ತಪ್ಪು ಹೇಳಿರಲಿಲ್ಲ.

ಆ ಐದು ಪದಗಳನ್ನು ಈಗಲಾದರೂ ಬರೆದು ನೋಡುತ್ತೇನೆ. ಸೇಬು, ಮೊಣಕೈ,