ಕಿಬ್ಲಾ ಕಡೆಯ ಗಾಳಿ

ಜುಬೈಲ್, ಸೌದಿ ಅರೇಬಿಯಾ
ಗುರುವಾರ, ಫೆಬ್ರವರಿ ೬

ಪ್ರೀತಿಯ ಉಪ್ಪಾ,

ಅಸ್ಸಲಾಮು ಅಲೈಕುಂ. ನಿಮ್ಮ ಮಂಡಿನೋವು ಹೇಗಿದೆ? ಸಮೀಹಾ ಕಾಸಿಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲಾ ಬಾಟಲಿಯನ್ನು ಕಿಟಕಿಯಲ್ಲಿಟ್ಟು ಸುಮ್ಮನೆ ನೋಡುತ್ತಿದ್ದೀರೋ? ಅಂಥ ಹೆಂಡತಿ ಸಿಕ್ಕಿದ್ದು ನನ್ನ ತಮ್ಮ ನಝೀಮನ ಪುಣ್ಯ, ಅವಳ ಮಾತು ಕೇಳಿ. ಉಮ್ಮನ ಕೆಮ್ಮು ಇಳಿದಿದೆ ಎಂದು ತಮ್ಮ ಹೇಳಿದ, ಮನಸ್ಸಿಗೆ ಸಮಾಧಾನವಾಯಿತು. ಇಲ್ಲಿ ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಈ ಸಲ ಹಾಗೆ ಬರೆಯಲು ಕೈ ಬರುತ್ತಿಲ್ಲ. ನನಗೆ ಹೆದರಿಕೆಯಾಗಿದೆ ಉಪ್ಪಾ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀವು ಕೇಳುತ್ತೀರಿ. ನಿಮಗೆ ಕೇಳಿಸಬೇಕಾದರೆ ಕೂಗಿ ಹೇಳಬೇಕು, ಈ ಎರಡು ಕೋಣೆಯ ಮನೆಯಲ್ಲಿ ಇವರ ಕಿವಿಗೆ ಬೀಳದ ಮೂಲೆಯೇ ಇಲ್ಲ. ಇವರು ಕೆಲಸಕ್ಕೆ ಹೋದಾಗ ಹೇಳಿದೆನೆಂದುಕೊಳ್ಳಿ, ಸಂಜೆ ನೀವು ಇವರಿಗೇ ಫೋನ್ ಮಾಡಿ ‘ನಫೀಸ ಎಂತದೋ ಹೇಳಿದಳಲ್ಲ’ ಎಂದು ಶುರು ಮಾಡುತ್ತೀರಿ. ನಿಮ್ಮ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಅದಕ್ಕೇ ನಾಳೆ ಸಂಜೆ ಊರಿಗೆ ಹೊರಟಿರುವ ಪಕ್ಕದ ಮನೆಯ ಹಾಜರಾಳ ಕೈಯಲ್ಲಿ ಇದನ್ನು ಕಳುಹಿಸುತ್ತಿದ್ದೇನೆ.

ಇವರಿಗೆ ಮೀನಿನ ಹುಚ್ಚು ಹಿಡಿಸಿದ್ದು ನೀವೇ. ಬಂಟ್ವಾಳದ ಹೊಳೆ ಬಿಟ್ಟರೆ ಬೇರೆ ನೀರು ಕಾಣದ ಅಳಿಯನನ್ನು ಉಳ್ಳಾಲದ ಕಡಲಿಗೆ ಕರೆದುಕೊಂಡು ಹೋಗಿ ಗಾಳ ಕಟ್ಟುವುದನ್ನು ಕಲಿಸಿದಿರಿ. ಪಡುವಣದಿಂದ ಗಾಳಿ ಬೀಸಿದರೆ ಸಣ್ಣ ಮೀನು ದಡಕ್ಕೆ ಒತ್ತಿಕೊಂಡು ಬರುತ್ತದೆ, ಅದನ್ನು ತಿನ್ನಲು ಮುರು ಮೀನಿನಂಥ ದೊಡ್ಡದು ಹಿಂದೆಯೇ ಬರುತ್ತದೆ ಎಂದಿರಿ. ಆಮೇಲೆ, ನಾವು ನಮಾಜಿಗೆ ಮುಖ ಮಾಡುವ ದಿಕ್ಕೂ ಪಡುವಣವೇ ಎಂದು ಆ ಒಂದು ಮಾತು ಹೇಳಿದಿರಿ, ‘ಕಿಬ್ಲಾ ಕಡೆಯ ಗಾಳಿ ಮನೆಗೆ ತರುವ ಗಾಳಿ, ಎಂಜಿನ್ ನಿಂತರೂ ಹೆದರಬೇಡ.’ ಇವರು ಅದನ್ನು ಕುರ್‌ಆನಿನ ಆಯತ್ತಿನ ಹಾಗೆ ಬಾಯಿಪಾಠ ಮಾಡಿಕೊಂಡಿದ್ದಾರೆ.

ಕಳೆದ ಶುಕ್ರವಾರ ಜುಮಾ ನಮಾಜು ಮುಗಿಸಿ ಇವರು ಮತ್ತು ಇವರ ವರ್ಕ್‌ಶಾಪಿನ ಅಖಿಲೇಶ್ ರಬ್ಬರ್ ದೋಣಿ ತೆಗೆದುಕೊಂಡು ಹೋದರು. ಪಡುವಣದ ಗಾಳಿ ಚೆನ್ನಾಗಿತ್ತು. ಆದರೆ ದಡದಲ್ಲಿ ಮೀನಿರಲಿಲ್ಲ, ಸ್ವಲ್ಪ ಮುಂದೆಯೂ ಇರಲಿಲ್ಲ. ಈ ಗಾಳಿಗೆ ಮೀನು ಬರಲೇಬೇಕು ಎಂದುಕೊಂಡು ಮುಂದೆ ಮುಂದೆ ಹೋದರು. ಅಲ್ಲಿ ಎಂಜಿನ್ ನಿಂತಿತು. ಅಖಿಲೇಶ್ ಲಂಗರು ಹಾಕಿದ. ನಿಮ್ಮ ಅಳಿಯ ಅದನ್ನು ಮೇಲೆಳೆದುಬಿಟ್ಟರು. ಯಾಕೆ ಗೊತ್ತೇ? ಲಂಗರು ಇದ್ದರೆ ಗಾಳಿ ಮನೆಗೆ ತರುವುದು ಹೇಗೆ!

ಆ ಹೊತ್ತಿಗೆ ನಾನು ಸಂಜೆಯ ಅಸರ್ ನಮಾಜಿಗೆ ನಿಂತಿದ್ದೆ. ಎದುರಿನ ಕಿಟಕಿಯಿಂದ ಗಾಳಿ ನುಗ್ಗಿ ಮುಖಕ್ಕೆ ಬಡಿಯಿತು. ಕಿಬ್ಲಾ ಕಡೆಯ ಗಾಳಿ, ಇನ್ನೇನು ಬಂದುಬಿಡುತ್ತಾರೆ ಎಂದು ನಿಮ್ಮ ಮಗಳೂ ಖುಷಿಪಟ್ಟಳು, ನೋಡಿ. ಅಷ್ಟರಲ್ಲಿ ನನ್ನ ಹಿಂದೆ, ಬಾಲ್ಕನಿಯ ಹಗ್ಗದಲ್ಲಿ ಇವರ ಅಂಗಿ ಪಟಪಟ ಹೊಡೆದುಕೊಳ್ಳುವುದು ಕೇಳಿಸಿತು. ನಮ್ಮ ಬಾಲ್ಕನಿಯಿಂದ ಕಾಣುವುದು ಕಡಲು. ಅಂದರೆ ಕಡಲಿರುವುದು ನನ್ನ ಬೆನ್ನಿಗೆ. ನಮಾಜಿನ ನಡುವೆ ತಿರುಗಿ ನೋಡುವಂತಿಲ್ಲ. ಸುಜೂದಿನಲ್ಲಿ ಹಣೆ ನೆಲಕ್ಕಿಟ್ಟಾಗಲೂ ಕಿವಿ ಆ ಪಟಪಟದ ಕಡೆಗೇ ಇತ್ತು. ಸಲಾಂ ಹೇಳಿ ನಮಾಜು ಮುಗಿಸಿ ಓಡಿಹೋಗಿ ನೋಡಿದರೆ ಅಂಗಿಯ ಎರಡು ತೋಳೂ ಕಡಲಿನ ಕಡೆಗೆ ಚಾಚಿಕೊಂಡಿದ್ದವು. ಇವರಿಗೆ ಫೋನ್ ಮಾಡಿದೆ, ಹೋಗಲಿಲ್ಲ. ಅಖಿಲೇಶನ ಹೆಂಡತಿ ಅನಿಷಾಳಿಗೆ ಮಾಡಿದೆ. ಅವಳು ಅಳುತ್ತಲೇ ದಡದ ಕಾವಲಿನವರಿಗೆ ತಿಳಿಸಿದಳು.

ಅಲ್ಹಂದುಲಿಲ್ಲಾಹ್, ಮಲಬಾರಿನವರ ಮೀನಿನ ದೋಣಿಯೊಂದು ಎದುರು ಸಿಕ್ಕಿ ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಸೂರ್ಯ ಮುಳುಗಿ ಮಗ್ರಿಬ್ ಹೊತ್ತಿಗೆ ಮನೆಗೆ ಬಂದವರು ನಗುತ್ತಾ ಚಹಾ ಕೇಳಿದರು. ದಡಕ್ಕೆ ತರಲು ಗಾಳಿ ನಿಧಾನ ಮಾಡಿತಂತೆ, ಅಷ್ಟೇ ಅಂತೆ.

ಉಪ್ಪಾ, ಉಳ್ಳಾಲದಲ್ಲಿ ಕಿಬ್ಲಾಕ್ಕೆ ಮುಖ ಮಾಡಿದರೆ ಕಡಲು ಎದುರಿಗೆ. ಅಲ್ಲಿಂದ ಬೀಸುವ ಗಾಳಿ ದೋಣಿಯನ್ನೂ ಮೀನನ್ನೂ ದಡಕ್ಕೆ ತರುತ್ತದೆ. ಇಲ್ಲಿ ಸೂರ್ಯ ಕಡಲಿನಿಂದ ಹುಟ್ಟುತ್ತಾನೆ. ಕಿಬ್ಲಾ ಕಡೆಯಲ್ಲಿರುವುದು ಮರಳುಗಾಡು. ಅಲ್ಲಿಂದ ಬೀಸುವ ಗಾಳಿ ಸಣ್ಣ ಮೀನನ್ನೂ ಆಚೆ ಒಯ್ಯುತ್ತದೆ, ದೋಣಿಯನ್ನೂ ಒಯ್ಯುತ್ತದೆ. ಇದನ್ನು ನಾನು ಹೇಳಿದರೆ ಇವರು, ‘ಎಂತ ಮಾರಾಯ್ತಿ, ನಿನ್ನ ಉಪ್ಪನಿಗಿಂತ ನಿನಗೆ ಹೆಚ್ಚು ಗೊತ್ತುಂಟಾ? ಕಿಬ್ಲಾದಿಂದ ಬರುವ ಗಾಳಿ ಕೇಡು ಮಾಡ್ತದಾ?’ ಎಂದರು. ಗಾಳಿಯ ಮಾತನ್ನು ದೀನಿಗೆ, ಧರ್ಮಕ್ಕೆ ಗಂಟು ಹಾಕಿದ ಮೇಲೆ ನಾನೇನು ಹೇಳಲಿ? ಆ ಗಂಟು ಹಾಕಿದವರು ನೀವು, ಬಿಚ್ಚುವುದೂ ನಿಮ್ಮಿಂದಲೇ ಆಗಬೇಕು. ಅಖಿಲೇಶ್ ಇನ್ನು ಬರುವುದಿಲ್ಲ ಎಂದು ಕೈಮುಗಿದಿದ್ದಾನೆ, ಎಂಜಿನ್ ರಿಪೇರಿಗೆ ಹೋಗಿದೆ. ಹಾಗಾಗಿ ಈ ವಾರದ ಮಟ್ಟಿಗೆ ಭಯವಿಲ್ಲ. ಕಾಗದ ಸಿಕ್ಕಿದ ಮೇಲೆ ನಿಧಾನವಾಗಿ, ನಿಮ್ಮದೇ ರೀತಿಯಲ್ಲಿ ಬುದ್ಧಿ ಹೇಳಿ. ನಾನು ಬರೆದೆ ಎನ್ನಬೇಡಿ.

ಉಮ್ಮನಿಗೂ ನಝೀಮ್, ಸಮೀಹಾರಿಗೂ ನನ್ನ ಸಲಾಂ. ಐದು ಹೊತ್ತಿನ ದುಆದಲ್ಲಿ ನಿಮ್ಮ ಅಳಿಯನ ಹೆಸರನ್ನು ಮೊದಲು ಹೇಳಿ, ನನ್ನದು ಆಮೇಲೆ.

ನಿಮ್ಮ ಮಗಳು,
ನಫೀಸತ್

ಮ. ವಿ.: ಉಪ್ಪಾ, ಹಾಜರಾಳಿಗೆ ಕಾಯಲು ಆಗುವುದಿಲ್ಲ. ಇವರು ಈಗ ಬಂದರು, ಎಂಜಿನ್ ಹೆಗಲ ಮೇಲಿದೆ. ನಾಳೆ ಬೆಳಗಿನ ಸುಬುಹಿ ನಮಾಜು ಮುಗಿಸಿ ಒಬ್ಬರೇ ಹೊರಡುತ್ತಾರಂತೆ. ಪಡುವಣ ಗಾಳಿ ಜೋರಿದೆಯೆಂದು ಫೋನಿನಲ್ಲಿ ನೋಡಿ ಕುಣಿಯುತ್ತಿದ್ದಾರೆ. ಈ ಕಾಗದದ ಫೋಟೋ ತೆಗೆದು ನಝೀಮನಿಗೆ ಕಳುಹಿಸುತ್ತಿದ್ದೇನೆ, ಅವನು ಓದಿ ಹೇಳುತ್ತಾನೆ. ಓದಿದ ಕೂಡಲೇ ಇವರಿಗೆ ಫೋನ್ ಮಾಡಿ. ನಾನು ಬರೆದೆ ಎಂದೇ ಹೇಳಿ, ಪರವಾಗಿಲ್ಲ. ಬುದ್ಧಿ ಹೇಳಬೇಡಿ, ಬೈಯಬೇಡಿ. ಒಂದೇ ಮಾತು ಕೇಳಿ: ‘ಇಮ್ತಿಯಾಜ್, ನೀನು ನಮಾಜಿಗೆ ನಿಂತಾಗ ಕಡಲು ನಿನಗೆ ಎದುರಿಗಾ, ಬೆನ್ನಿಗಾ?’ ಉತ್ತರ ಬರುವವರೆಗೂ ಫೋನ್ ಇಡಬೇಡಿ.