ಅಡಾಪ್ಟರಿಗೆ ಸುತ್ತಿದ ಬಟ್ಟಿ

ಸೌರಭ,

ಫೋನ್ ಯಾಕ ಎತ್ತವಲ್ಲಿ? ಅವ್ವನ ದಿಂಬಿನ ಹತ್ರ ಣಮೋಕಾರ ಮಂತ್ರ ಹಾಡೂ ಸ್ಪೀಕರ್ ಬಂದ್ ಮಾಡೇನಿ. ಅದರ ಅಡಾಪ್ಟರ್ ಕಾದು ಕರಗಾಕತ್ತಿತ್ತು. ಬಿಸಿಗೆ ಇರುವಿ ಸಾಯಬಾರದಂತ ನೀನ ಅದಕ್ಕ ಬಟ್ಟಿ ಸುತ್ತಿದ್ದಿ, ಪುಣ್ಯಾತ್ಮಾ! ಹಾಸಿಗಿಗೆ ಬೆಂಕಿ ಹತ್ತಿದ್ರ?

ಅದ ವೋಲ್ಟಿನ ಹೊಸಾದು ತರಾಕ ಇಚಲಕರಂಜಿಗೆ ಹೊಂಟೇನಿ. ಪಿನ್ ಕೂಡತೈತಿ ಅಂತ ವೈಫೈ ಅಡಾಪ್ಟರ್ ಹಚ್ಚಬ್ಯಾಡ. ಅದರ ವೋಲ್ಟ್ ಹೆಚ್ಚೈತಿ, ಸ್ಪೀಕರೂ ಸುಡತೈತಿ.

ಅವ್ವ ನೀರೂ ನುಂಗವಲ್ಲಳು. ನೀ ಹೊಲದಿಂದ ಬರೂತನಕ ಅವ್ವನ ಹತ್ರ ಕಾಕು ಕುಂತಾಳ. ಕಾಕು ಎಷ್ಟ ಮಂತ್ರ ಅಂದ್ರೂ ಅವ್ವ, "ಸೌರಭ ಯಾಕ ಸುಮ್ಮನಾದ?" ಅಂತ ಕೇಳಾಕತ್ತಾಳ. ಇಷ್ಟ ದಿನ ಸ್ಪೀಕರಿನ ದನಿ ನಿಂದಂತ ತಿಳದಾಳ.

ಅಲ್ಲಂತ ಹೇಳಬ್ಯಾಡ. ಕೈಕಾಲ ತೊಳಕೊಂಡು ಕಿವಿ ಹತ್ರ ಕುಂತು ನೀನ ಮಂತ್ರ ಅನ್ನು.

— ನೂತನಕ್ಕ